ಮೂರು ರಿಂಗಿನ ಕರೆ

ಕ್ಷೌರಿಕನಿಗೆ ಆ ಬೀದಿಯಲ್ಲಿ ಅರ್ಧಗಡ್ಡ ಎಂದು ಹೆಸರು ಬಿದ್ದದ್ದಕ್ಕೆ ಅವನ ಗಡ್ಡ ಕಾರಣವಲ್ಲ. ಅವನದು ದಿನಾ ಬೆಳಗ್ಗೆ ನುಣ್ಣಗೆ ಬೋಳಿಸಿದ ಮುಖ. ಅರ್ಧ ಗಡ್ಡ ಗಿರಾಕಿಯದು. ಹೊಸ ಕೆಲಸದ ಸಂದರ್ಶನಕ್ಕೆ ಹೊರಟಿದ್ದ ಮನುಷ್ಯನೊಬ್ಬ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕಣ್ಣು ಮುಚ್ಚಿ ಕೂತಿದ್ದ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆಗೆ ನೊರೆ ಹಚ್ಚಿಯಾಗಿತ್ತು. ಅಷ್ಟರಲ್ಲಿ ಫೋನು ಮೂರು ಸಲ ರಿಂಗಾಗಿ ನಿಂತಿತು. ಕ್ಷೌರಿಕ ಕತ್ತಿಯನ್ನು ನೀರಿನ ಲೋಟಕ್ಕೆ ಹಾಕಿದವನೇ, ಹೆಗಲ ಮೇಲಿನ ಟವೆಲ್ ಸಮೇತ ಬೀದಿಗಿಳಿದು ಓಟ ಕಿತ್ತ. ಗಿರಾಕಿ ಹತ್ತು ನಿಮಿಷ ಕಾದ. ನೊರೆ ಒಣಗಿ ಕೆನ್ನೆ ಬಿಗಿಯತೊಡಗಿದಾಗ ಎದ್ದು ಹೊರಗೆ ಬಂದು ಬಾಯಿಗೆ ಬಂದಂತೆ ಬೈದ. ಬೀದಿಯವರು ಬಿದ್ದು ಬಿದ್ದು ನಕ್ಕರು.

ನಗುವವರಿಗೇನು ಗೊತ್ತು? ಆ ಮೂರು ರಿಂಗಿಗೆ ‘ಕರೆ’ ಎಂದು ಹೆಸರು. ಟೈರ್ ಅಂಗಡಿಯ ಮೇಲಿನ ಹಾಲಿನಲ್ಲಿ ಭಾನುವಾರ ಭಾನುವಾರ ಕೂಡುತ್ತಿದ್ದ ನಲವತ್ತು ಜನರ ಕ್ರೈಸ್ತ ಸಭೆಯೊಂದಿತ್ತು. ಅದನ್ನು ನಡೆಸುತ್ತಿದ್ದ ಹಿರಿಯರೊಬ್ಬರು ಅಗ್ನಿಶಾಮಕ ದಳದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗಂಟೆ ಬಾರಿಸಿದ ಮೇಲೆ ಬೂಟು ಹುಡುಕುವವನಿಂದ ಯಾವ ಬೆಂಕಿಯೂ ಆರದು ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಕರ್ತನು ಯಾರೂ ನೆನೆಸದ ಗಳಿಗೆಯಲ್ಲಿ ಬರುತ್ತಾನೆಂದು ಎಲ್ಲ ಸಭೆಗಳೂ ಸಾರುತ್ತವೆ, ಸಾರಿ ಮನೆಗೆ ಹೋಗಿ ಉಂಡು ಮಲಗುತ್ತವೆ. ಹಿರಿಯರಿಗೆ ಅದು ಸಾಲದು. ತಿಂಗಳಿಗೆ ಎರಡೋ ಮೂರೋ ಸಲ, ಆ ಗಳಿಗೆಯ ಅಭ್ಯಾಸಕ್ಕೆಂದು, ಹಗಲಿನ ಯಾವುದೋ ಹೊತ್ತಿನಲ್ಲಿ, ಎಲ್ಲರ ಫೋನಿಗೂ ಮೂರು ರಿಂಗು ಕೊಡಿಸುತ್ತಿದ್ದರು. ಹನ್ನೆರಡು ನಿಮಿಷದೊಳಗೆ ಹಾಲಿನಲ್ಲಿರಬೇಕು. ಮಾಳಿಗೆಯ ಮೇಲಿದ್ದವನು ಸಾಮಾನಿಗಾಗಿ ಮನೆಯೊಳಗೆ ಇಳಿಯಬಾರದು, ಹೊಲದಲ್ಲಿದ್ದವನು ಅಂಗಿಗಾಗಿ ಹಿಂದಿರುಗಬಾರದು ಎಂದು ಬೈಬಲಿನಲ್ಲಿದೆಯಲ್ಲ, ಅದನ್ನು ಅಕ್ಷರಶಃ ಪಾಲಿಸಬೇಕು. ಹಾಗಾಗಿ ಒಬ್ಬರು ತಲೆಯಲ್ಲಿ ಸೋಪು ಇಟ್ಟುಕೊಂಡು ಬರುತ್ತಿದ್ದರು, ಇನ್ನೊಬ್ಬರು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು. ಹನ್ನೆರಡು ನಿಮಿಷ ಮುಗಿಯಿತೋ, ಹಿರಿಯರು ಸ್ಟಾಪ್‌ವಾಚ್ ಒತ್ತಿ ಬಾಗಿಲಿಗೆ ಅಗಳಿ ಹಾಕುತ್ತಿದ್ದರು. ತಡವಾಗಿ ಬಂದವರು ಹೊರಗೆ ನಿಂತು ತಟ್ಟಬೇಕು, ಒಳಗಿನವರು ತೆರೆಯುವಂತಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಎರಡು ಪುಟ: ಎಚ್ಚರವಾಗಿರುವವರು, ತೂಕಡಿಸುವವರು. ಯಾಕೆ ತಡವಾಯಿತು ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕರ್ತನು ಬರುವ ದಿನ ನೆಪ ಕೇಳುವವರಿರುವುದಿಲ್ಲ ಎಂಬುದು ಹಿರಿಯರ ವಾದ.

ಅರ್ಧಗಡ್ಡನ ಹೆಂಡತಿ ಇದಕ್ಕೆಲ್ಲ ನಗುತ್ತಿದ್ದಳು. ಭಾನುವಾರ ಗಂಡನ ಜೊತೆ ಬಂದು, ಹಿರಿಯರು ಪ್ರಸಂಗ ಮಾಡುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗಿ, ಹಾಡಿನ ಹೊತ್ತಿಗೆ ಎದ್ದು ಎಲ್ಲರಿಗಿಂತ ಜೋರಾಗಿ ಹಾಡುವ ಹೆಂಗಸು. ಮನಸ್ಸಿಗೆ ಬಂದ ಪ್ರಶ್ನೆಯನ್ನು ಕೇಳದೆ ನುಂಗಿಕೊಂಡವಳೇ ಅಲ್ಲ.

“ಅಲ್ರೀ, ಬರೋರು ಮನೆಗೇ ಬರ್ತಾರಲ್ವಾ? ಫೋನ್ ಮಾಡಿ ಟೈರ್ ಅಂಗಡಿ ಮೇಲಕ್ಕೆ ಕರೆಸ್ಕೊಳ್ಳೋರು ಯಾರು?” ಎಂದು ಕೇಳಿದ್ದಳು ಒಮ್ಮೆ.

“ನಿಂಗೆ ಎಲ್ಲಾ ತಮಾಷೆ ಕಣೆ,” ಎಂದಿದ್ದ ಅವನು. ಅವನಿಗೆ ಅದು ತಮಾಷೆಯಾಗಿರಲಿಲ್ಲ. ಚಿಕ್ಕಂದಿನಿಂದ ಎಲ್ಲೂ ಮೊದಲನೆಯವನಾದವನಲ್ಲ, ಕೊನೆಯ ಸಾಲಿನಲ್ಲಿ ಕೂತವನು. ಉಳಿದವರೆಲ್ಲ ಹೋಗಿ ತಾನೊಬ್ಬನೇ ಹಿಂದುಳಿಯುವ ಭಯ ಅವನನ್ನು ಎಂದೂ ಬಿಟ್ಟಿರಲಿಲ್ಲ.

ಮರುವರ್ಷ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಗಾಯಿತು, ಮಾತು ಗೊಗ್ಗರು ಸದ್ದಾಯಿತು. ಗಂಟಲಿನ ಅರ್ಧಕ್ಕೆ ನುಂಗುವ ಕೆಲಸ ಮರೆತುಹೋಯಿತು. ಆಸ್ಪತ್ರೆಯ ನರ್ಸಮ್ಮ ಅವನನ್ನು ಕೂರಿಸಿಕೊಂಡು ಊಟ ಮಾಡಿಸುವುದನ್ನು ಕಲಿಸಿದಳು. ನೆಟ್ಟಗೆ ಕೂರಿಸಬೇಕು. ಗದ್ದ ಎದೆಯ ಕಡೆಗಿರಬೇಕು. ಅರ್ಧ ಚಮಚ ಮಾತ್ರ ಕೊಟ್ಟು, ‘ನುಂಗು’ ಎಂದು ಬಾಯಿಬಿಟ್ಟು ಹೇಳಬೇಕು, ಗಂಟಲು ಏಳುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಬಲಗೆನ್ನೆಯೊಳಗೆ ಬೆರಳು ಹಾಕಿ ಉಳಿದದ್ದನ್ನು ತೆಗೆಯಬೇಕು.

“ಇವರ ಬಾಯಲ್ಲಿ ತುತ್ತಿರೋವಾಗ ನೀವು ಅಲ್ಲಾಡಬಾರ್ದು, ಗೊತ್ತಾಯ್ತಾ?” ಎಂದಿದ್ದಳು.

ಅವನಿಗೆ ಚೆನ್ನಾಗಿಯೇ ಗೊತ್ತಾಯಿತು. ಇಪ್ಪತ್ತೈದು ವರ್ಷ ಊರಿನವರ ಗಂಟಲ ಮೇಲೆ ಕತ್ತಿ ಆಡಿಸಿದ ಕೈ, ಗಂಟಲಿನ ಮರ್ಯಾದೆ ಬಲ್ಲದ್ದು. ಮೂರು ಹೊತ್ತೂ ತಾನೇ ತಿನ್ನಿಸಿದ. ಅವಳಿಗೆ ಸ್ನಾನ ಮಾಡಿಸಿದ, ತಲೆ ಬಾಚಿದ. ಜಡೆ ಹಾಕಲು ಮಾತ್ರ ಬಾರದೆ, ಅವಳ ಕೂದಲನ್ನು ಕುತ್ತಿಗೆಯವರೆಗೆ ಚೆಂದವಾಗಿ ಕತ್ತರಿಸಿಬಿಟ್ಟ. ಕನ್ನಡಿ ಹಿಡಿದಾಗ ಅವಳು ಸೊಟ್ಟ ಬಾಯಲ್ಲೇ ನಕ್ಕಳು.

ಆದರೆ ಕರೆ ಬಂದಾಗ ಅವನು ತಡವಾಗತೊಡಗಿದ. ಬಟ್ಟಲಿನಲ್ಲಿದ್ದದ್ದನ್ನು ಪೂರ್ತಿ ತಿನ್ನಿಸಿ, ಅವಳ ಬಾಯಿ ಒರೆಸಿ, ಬಲಗಡೆಗೆ ದಿಂಬು ಕೊಟ್ಟು, ಎದುರುಮನೆಯ ನಿವೃತ್ತ ಟೀಚರಮ್ಮನನ್ನು ಕೂಗಿ, ಆಕೆ ಬಂದು ಕೂತ ಮೇಲೆ ಓಡಬೇಕು. ಹದಿನಾಲ್ಕು ನಿಮಿಷ, ಹದಿನೇಳು ನಿಮಿಷ, ಮತ್ತೆ ಹದಿನಾಲ್ಕು. ಮೂರು ಸಲವೂ ಮುಚ್ಚಿದ ಬಾಗಿಲ ಹೊರಗೆ ನಿಂತು ಒಳಗಿನ ಹಾಡು ಕೇಳಿದ. ಮುಂದಿನ ಭಾನುವಾರ ತೂಕಡಿಸುವವರ ಪುಟದಿಂದ ಅವನ ಹೆಸರನ್ನು ಎಲ್ಲರೆದುರು ಓದಲಾಯಿತು. ಅವನು ತಲೆ ತಗ್ಗಿಸಿದ. ಹಿರಿಯರು ಬೆನ್ನು ತಟ್ಟಿ, ಓಡುವಾಗ ಹಿಂದಿರುಗಿ ನೋಡಿ ಉಪ್ಪಿನ ಕಂಬವಾದ ಹೆಂಗಸಿನ ಕಥೆ ನೆನಪಿಸಿದರು. ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ನಾಲ್ಕನೆಯ ಕರೆ ಬಂದದ್ದು ಒಂದು ಬುಧವಾರ, ಮಧ್ಯಾಹ್ನ ಹನ್ನೆರಡೂವರೆಗೆ. ಅಂಗಡಿ ಮುಚ್ಚಿ ಮನೆಗೆ ಬಂದು, ಬೇಯಿಸಿ ಕಿವುಚಿದ ಆಲೂಗಡ್ಡೆಯನ್ನು ಹೆಂಡತಿಗೆ ತಿನ್ನಿಸುತ್ತಿದ್ದ. ಐದನೆಯ ಚಮಚ ಬಾಯಿಗಿಟ್ಟಿದ್ದನಷ್ಟೆ. ಫೋನು ಒಂದು ಸಲ ರಿಂಗಾಯಿತು, ಎರಡು ಸಲ, ಮೂರು ಸಲ. ನಿಂತಿತು.

ಅವನು ಹೆಂಡತಿಯ ಮುಖ ನೋಡಿದ. ಅವಳೂ ನೋಡಿದಳು. ಅವಳು ಎಡಗೈಯನ್ನು ತೊಡೆಯ ಮೇಲಿಂದ ಒಂದು ಗೇಣು ಮೇಲೆತ್ತಿದಳು. ಹೋಗಿ ಎಂದೋ, ನಿಲ್ಲಿ ಎಂದೋ, ಅವನಿಗೆ ಇಂದಿಗೂ ತಿಳಿಯದು. ತಿಳಿದುಕೊಳ್ಳಲು ಅವನು ನಿಲ್ಲಲಿಲ್ಲ. ಚಮಚವನ್ನು ಬಟ್ಟಲಿಗೆ ಬಿಸಾಕಿ, ಟೀಚರಮ್ಮನ ಬಾಗಿಲ ಕಡೆ ಕತ್ತೂ ತಿರುಗಿಸದೆ, ಬರಿಗಾಲಲ್ಲಿ ಓಡಿದ.

ಏಳು ನಿಮಿಷ! ಹಾಲಿನಲ್ಲಿ ಹಿರಿಯರ ಹೊರತು ಇನ್ನೂ ನರಪಿಳ್ಳೆಯೂ ಇರಲಿಲ್ಲ. ಹಿರಿಯರು ಅವನನ್ನು ತಬ್ಬಿಕೊಂಡು, ಎಚ್ಚರವಾಗಿರುವವರ ಪುಟದಲ್ಲಿ ಎಲ್ಲರಿಗಿಂತ ಮೇಲೆ ಅವನ ಹೆಸರು ಬರೆದರು. ಜನ ಏದುಸಿರು ಬಿಡುತ್ತ ಬಂದು ಸೇರಿದರು. ಬಾಗಿಲಿಗೆ ಅಗಳಿ ಬಿತ್ತು. ಸ್ವಲ್ಪ ಹೊತ್ತಿಗೆ ಬೇಕರಿಯವನ ಹೆಂಡತಿ ಹೊರಗಿನಿಂದ ತಟ್ಟಿದಳು, ಅತ್ತಳು. ಒಳಗೆ ಹಾಡು ನಡೆಯಿತು. ಅರ್ಧಗಡ್ಡನೂ ಹಾಡಿದ. ನಿಜ ಹೇಳಬೇಕೆಂದರೆ, ಅಂಥ ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ. ಹೊರಗಿನವರು ತಟ್ಟುತ್ತಿದ್ದಾರೆ, ತಾನು ಒಳಗಿದ್ದೇನೆ. ಆ ಮುಕ್ಕಾಲು ಗಂಟೆ ಹೆಂಡತಿಯ ನೆನಪು ಒಂದು ಸಲವೂ ಬರಲಿಲ್ಲ. ಮೆಟ್ಟಿಲಿಳಿದು ಬೀದಿಗೆ ಬಂದು, ಕಾದ ಡಾಂಬರು ಅಂಗಾಲಿಗೆ ಚುರ್ ಎಂದಾಗ, ಚಪ್ಪಲಿ ಎಲ್ಲಿ ಎಂದು ಯೋಚಿಸಿದ. ಚಪ್ಪಲಿಯ ಹಿಂದೆಯೇ ಉಳಿದದ್ದೂ ನೆನಪಾಯಿತು.

ಅವಳು ಕುರ್ಚಿಯಲ್ಲಿ ಬಲಕ್ಕೆ ವಾಲಿದ್ದಳು. ತುಟಿಯ ಬಣ್ಣ ನೋಡಿದೊಡನೆ ಅವನಿಗೆ ಗೊತ್ತಾಯಿತು. ಆದರೂ ಕೂರಿಸಿ, ಗದ್ದ ಎದೆಗೆ ತಂದು, ಬಾಯಲ್ಲಿ ಬೆರಳು ಹಾಕಿ ಕೆನ್ನೆಯೊಳಗಿನದನ್ನೆಲ್ಲ ತೆಗೆದ. “ನುಂಗು,” ಎಂದ. “ನುಂಗೇ, ನಾನು ಬಂದಿದೀನಿ.” ಎಷ್ಟು ಸಲ ಹೇಳಿದನೋ. ಟೀಚರಮ್ಮ ಓಡಿಬಂದು ಅವನ ಕೈ ಬಿಡಿಸಿದಳು.

“ನಾನು ಎದುರಿಗೇ ಇದ್ನಲ್ರೀ!” ಎಂದು ಕೂಗಾಡಿದಳು ಆಕೆ. “ಒಂದು ಕೂಗು ಹಾಕಿದ್ರೆ ಬರ್ತಿರ್ಲಿಲ್ವಾ? ಯಾವತ್ತಾದ್ರೂ ಆಗಲ್ಲ ಅಂದಿದ್ನಾ?”

ಅಂದಿರಲಿಲ್ಲ. ಕೂಗಿ, ಆಕೆ ಬರುವವರೆಗೆ ಕಾದಿದ್ದರೆ ಎರಡು ನಿಮಿಷ. ಏಳಕ್ಕೆ ಎರಡು ಸೇರಿಸಿದರೂ ಒಂಬತ್ತು. ಬಾಯಿ ಖಾಲಿಯಾಗುವವರೆಗೆ ಇನ್ನೆರಡು. ಆಗಲೂ ಹನ್ನೊಂದೇ, ಬಾಗಿಲು ತೆರೆದೇ ಇರುತ್ತಿತ್ತು. ಈ ಲೆಕ್ಕವನ್ನು ಅವನು ಹೆಣದ ಪಕ್ಕದಲ್ಲಿ ಕೂತು ಮಾಡಿದ, ಮಣ್ಣು ಮಾಡಿ ಬಂದ ಮೇಲೂ ಮಾಡಿದ, ಅಂಗಡಿಯಲ್ಲಿ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೂ ಮಾಡಿದ. ಉತ್ತರ ಬದಲಾಗಲಿಲ್ಲ.

ಬಂದವರಿಗೆಲ್ಲ ಅವನು ಒಂದೇ ಮಾತು ಹೇಳಿದ್ದ: ಊಟ ಮುಗಿಸಿಯೇ ಹೋಗಿದ್ದೆ. ಶನಿವಾರ ಆ ಸುಳ್ಳು ತಡೆಯಲಾಗದೆ ಹಿರಿಯರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. 

“ಬ್ರದರ್,” ಎಂದರು ಹಿರಿಯರು, “ನಾನು ಹೇಳಿದ್ದು ಸಾಮಾನು, ಬಟ್ಟೆ. ಅವುಗಳಿಗೋಸ್ಕರ ಹಿಂದೆ ಹೋಗ್ಬೇಡಿ ಅಂದೆ. ಕಾಯಿಲೆ ಮನುಷ್ಯರನ್ನ ಬಿಟ್ಟು ಬನ್ನಿ ಅಂತ ಯಾವತ್ತಾದ್ರೂ ಅಂದಿದೀನಾ?”

“ತೂಕಡಿಸೋರ ಪುಟದಲ್ಲಿ ನನ್ನ ಹೆಸರು ಬರೆದ್ರಲ್ಲ, ಹಿರಿಯರೇ. ಆ ಮೂರು ಸಲವೂ ಅವಳ ಬಾಯಿ ಒರೆಸಿ ಬಂದಿದ್ದೆ.”

“ನೀವು ಹೇಳ್ಲೇ ಇಲ್ವಲ್ಲ.”

“ನೀವು ಕೇಳ್ತಿರ್ಲಿಲ್ಲ.”

ಹಿರಿಯರು ಕೈಗಳಿಂದ ಮುಖ ಮುಚ್ಚಿಕೊಂಡರು. ಉರಿಯುವ ಮನೆಗಳಿಂದ ಎಷ್ಟೋ ಜನರನ್ನು ಹೊತ್ತು ತಂದ ಕೈಗಳು ಅವು.  ಅವಳನ್ನು ಬಿಟ್ಟು ಬರಲು ಅಪ್ಪಣೆಯಿತ್ತು ಎಂದಾದರೂ ಅರ್ಧಗಡ್ಡ ಅಂದುಕೊಂಡಿದ್ದ. ಈಗ ಅದೂ ಹೋಯಿತು. ಯಾರೂ ಕೇಳದಿದ್ದ ಬಲಿಯನ್ನು ಅವನೇ ಕೊಟ್ಟುಬಂದಿದ್ದ.

ಭಾನುವಾರ ಸಭೆಯವರು ಅವನನ್ನು ಬಿಡಲಿಲ್ಲ. ಏಳು ನಿಮಿಷದ ಸುದ್ದಿ ಎಲ್ಲರ ಬಾಯಲ್ಲಿತ್ತು. ಹೆಂಡತಿ ತೀರಿಹೋದ ದಿನವೂ ಕರೆಗೆ ಎಲ್ಲರಿಗಿಂತ ಮೊದಲು ಓಡಿಬಂದವನು, ಸಭೆಯೆದುರು ನಿಂತು ತನ್ನ ಅನುಭವದ ಸಾಕ್ಷಿ ಹೇಳಲೇಬೇಕು ಎಂದು ಪಟ್ಟು ಹಿಡಿದರು. ಹಿರಿಯರು ಬೇಡವೆನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಅವನೇ ಎದ್ದು ನಿಂತಿದ್ದ. ಸಾಕ್ಷಿ ಹೇಳುವವನ ಮಾತಿನ ನಡುನಡುವೆ ‘ಸ್ತೋತ್ರ’ ಎನ್ನುವುದು ಅಲ್ಲಿನ ರೂಢಿ.

“ಫೋನ್ ಬಂದಾಗ ನನ್ನ ಹೆಂಡತಿ ಬಾಯಲ್ಲಿ ತುತ್ತಿತ್ತು,” ಎಂದ.

“ಸ್ತೋತ್ರ,” ಎಂದಿತು ಸಭೆ.

“ನುಂಗು ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಹಾಗೇ ಬಿಟ್ಟು ಓಡಿಬಂದೆ.”

“ಸ್ತೋತ್ರ!” ಈ ಸಲ ಇನ್ನೂ ಜೋರಾಗಿ.

“ಇಲ್ಲಿ ನಾನು ಹಾಡ್ತಿದ್ದೆ. ಅಲ್ಲಿ ಅವಳು ಉಸಿರು ಕಟ್ಟಿ ಸತ್ತಳು. ನಾನೇ ಕೊಂದೆ.”

ನಾಲ್ಕಾರು ಗಂಟಲುಗಳು ಅಭ್ಯಾಸಬಲದಿಂದ ಅದೇ ಮಾತನ್ನು ಶುರುಮಾಡಿ ನಡುವೆ ನಿಂತವು. ಕೆಳಗೆ ಟೈರ್ ಅಂಗಡಿಯವನು ಗಾಳಿ ತುಂಬುತ್ತಿದ್ದ ಸದ್ದು ಕೇಳಿಸಿತು. ಎಲ್ಲರಿಗಿಂತ ಮೊದಲು ಸಾವರಿಸಿಕೊಂಡವಳು ಬೇಕರಿಯವನ ಹೆಂಡತಿ. ಒಳ್ಳೆಯ ಮನಸ್ಸಿನ ಹೆಂಗಸು. ಎದ್ದುಬಂದು ಅವನ ತೋಳು ಹಿಡಿದು ಕೂರಿಸಿದಳು.

“ಹಾಗನ್ಬೇಡಿ ಬ್ರದರ್,” ಎಂದಳು, ಕಣ್ಣೊರೆಸಿಕೊಳ್ಳುತ್ತ. “ಆತ ಬರೋ ದಿನ ಸತ್ತೋರೇ ಮೊದಲು ಏಳೋದು. ಅಕ್ಕನೂ ಏಳ್ತಾರೆ. ಸೊಟ್ಟ ಬಾಯಿಲ್ಲ, ಬಿದ್ದ ಕೈಯಿಲ್ಲ, ಮುಂಚಿನ ಹಾಗೇ ಮಾತಾಡ್ತಾರೆ. ನಿಮ್ಮೆದುರಿಗೇ ಬಂದು ನಿಲ್ತಾರೆ, ನೋಡ್ತಿರಿ.”

ಸುತ್ತಲಿದ್ದವರು ಹೌದು ಹೌದು ಎಂದರು. ಎಲ್ಲರೂ ಮೊಣಕಾಲೂರಿ, ಕರ್ತನು ಬೇಗ ಬರಲಿ, ಇವತ್ತೇ ಬರಲಿ ಎಂದು ಅವನಿಗಾಗಿಯೇ ಬೇಡಿಕೊಳ್ಳತೊಡಗಿದರು. ಅರ್ಧಗಡ್ಡನೂ ಮೊಣಕಾಲೂರಿದ. ಅವಳು ಏಳುತ್ತಾಳೆ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎದ್ದವಳು ಕರ್ತನ ಕಡೆ ನೋಡುವ ಮುಂಚೆ ಇವನನ್ನು ಹುಡುಕುತ್ತಾಳೆ, ನೆಟ್ಟಗಾದ ಬಾಯಿಂದ ಕೇಳಿಯೇ ಕೇಳುತ್ತಾಳೆ, ಯಾಕ್ರೀ ಹಾಗೆ ಮಾಡಿದ್ರಿ ಎಂದು. ಕೇಳದೆ ಬಿಡುವವಳಲ್ಲ. ಮುಂದಿನ ಕುರ್ಚಿಯ ಬೆನ್ನಿಗೆ ಹಣೆ ಹಚ್ಚಿ, ನಲವತ್ತು ದನಿಗಳ ನಡುವೆ ಯಾರಿಗೂ ಕೇಳಿಸದ ಹಾಗೆ, ಬರಬೇಡ ಕರ್ತನೇ, ದಮ್ಮಯ್ಯ, ಬರಬೇಡ ಎಂದ. ಆ ದಿನದಿಂದ ಅವನು ಹಗಲೂ ಇರುಳೂ ಬೇಡಿಕೊಳ್ಳುವುದು ಇದೊಂದನ್ನೇ.