ಯಾರೂ ಬಿತ್ತದ ಟೊಮೇಟೊ

ಮೊಳಕಾಲ್ಮೂರಿನ ಅಂಚಿನ ಆ ಬೀದಿಯಲ್ಲಿ ಮಗ್ಗ ಇಟ್ಟುಕೊಂಡವರನ್ನು ನಿಮ್ಮ ಶತ್ರು ಯಾರೆಂದು ಕೇಳಿದರೆ ಮನೆಯ ಹಿಂದಿನ ಗುಡ್ಡೆಯತ್ತ ಕೈ ತೋರಿಸುತ್ತಿದ್ದರು. ಎಂದೋ ಮುಚ್ಚಿಹೋದ ಗಣಿಯವರು ಸುರಿದು ಹೋದ ಕೆಂಪು ಮಣ್ಣದು. ಒಂದು ಹುಲ್ಲುಕಡ್ಡಿಯೂ ಹುಟ್ಟದು. ಗಾಳಿ ಎದ್ದರೆ ಧೂಳೆಲ್ಲ ಬಂದು ಮಗ್ಗದ ರೇಷ್ಮೆಯ ಮೇಲೆ ಕೂರುತ್ತಿತ್ತು. ದಾಕ್ಷಾಯಿಣಿ ನೇಯ್ದ ಕೆನೆಬಣ್ಣದ ಎರಡು ಸೀರೆಗಳನ್ನು ಕಲೆಯಾಗಿದೆಯೆಂದು ಅಂಗಡಿಯವರು ಹಿಂದಕ್ಕೆ ಕಳಿಸಿದ್ದರು. ಇನ್ನೊಂದು ಬೇಸಿಗೆ ಹೀಗೇ ಆದರೆ ಅವಳು ಮಗ್ಗ ಬಿಚ್ಚಿಡಬೇಕಿತ್ತು.

ಬಿಚ್ಚಿಡುವ ಹೆಂಗಸೇ ಅವಳು! ಚಳ್ಳಕೆರೆಯಲ್ಲಿ ಕಕ್ಕಸಿನ ನೀರನ್ನು ಶುದ್ಧ ಮಾಡಿದಾಗ ಉಳಿಯುವ ಕೆಸರನ್ನು ಒಣಗಿಸಿ ಹರಡಿದರೆ ಇಂಥ ಮಣ್ಣೂ ಹುಲ್ಲು ಹಿಡಿಯುತ್ತದೆಂದು ಕೃಷಿ ಕಾಲೇಜಿನ ಕಾಂಚನಾ ಮೇಡಂ ಹೇಳಿದ್ದೇ ತಡ, ಅರ್ಜಿ ಹಿಡಿದು ಅಲೆದಾಡಿ ಒಪ್ಪಿಗೆ ತಂದಳು. ಶಹನವಾಜನ ಬಾಡಿಗೆ ಟಿಪ್ಪರ್ ಆ ಕೆಸರನ್ನು ಎಂಟು ಲೋಡು ಸುರಿಯುವಷ್ಟರಲ್ಲಿ ಇಡೀ ಬೀದಿ ಮೂಗು ಮುಚ್ಚಿಕೊಂಡಿತು. ಪಕ್ಕದ ಮನೆಯ ಮುದುಕಿ ಯರ್ರಮ್ಮನಂತೂ ಬಂದು ಟಿಪ್ಪರಿನ ಮುಂದೆಯೇ ಕೂತುಬಿಟ್ಟಳು.

"ಕಂಡೋರ ಹೇಲು ತಂದು ನಮ್ಮ ತಲೆ ಮ್ಯಾಲೆ ಸುರೀತೀಯೇನೇ? ಇನ್ನೊಂದು ಲೋಡು ಬರ್ಲಿ, ಆಗ ಐತೆ ನಿಂಗೆ!"

ಕೆಲಸ ಅರ್ಧ ಗುಡ್ಡೆಗೇ ನಿಂತಿತು. ಹರಡಿದಷ್ಟು ಜಾಗದಲ್ಲಿ ದಾಕ್ಷಾಯಿಣಿ ಹುಲ್ಲಿನ ಬೀಜ ಎರಚಿ ಮಳೆಗಾಗಿ ಕಾದಳು.

ಮಳೆ ಬಂತು. ಹುಲ್ಲಿಗಿಂತ ಮೊದಲು ತಲೆಯೆತ್ತಿದ್ದು ಟೊಮೇಟೊ! ಯಾರೂ ಬಿತ್ತಿದ್ದಲ್ಲ, ನೆಟ್ಟಿದ್ದಲ್ಲ. ಹಣ್ಣು ಕೆಂಪಾಗುವ ಹೊತ್ತಿಗೆ ಮೂಗು ಮುಚ್ಚಿಕೊಂಡಿದ್ದವರೇ ಬುಟ್ಟಿ ಹಿಡಿದು ಗುಡ್ಡೆ ಹತ್ತಿದರು. ಎಲ್ಲರಿಗಿಂತ ಮುಂದೆ ಯರ್ರಮ್ಮ.

"ಬಂಗಾರದಂಥ ಗೊಬ್ಬರ ಕಣೇ ದಾಕ್ಷಿ. ಉಳಿದ ಅರ್ಧಕ್ಕೂ ಹಾಕ್ಸು."

ಗಣಿ ಮಣ್ಣಿನಲ್ಲಿ ವಿಷದ ಲೋಹಗಳಿವೆ, ಅಲ್ಲಿ ಬೆಳೆದದ್ದನ್ನು ಮನುಷ್ಯರೂ ತಿನ್ನಬಾರದು, ಕುರಿಗಳೂ ತಿನ್ನಬಾರದು ಎಂದು ಮೇಡಂ ದಾಕ್ಷಾಯಿಣಿಗೆ ಮೊದಲೇ ಹೇಳಿದ್ದರು. ಈಗ ಬಾಯಿ ಬಿಟ್ಟರೆ ಇವರು ಮತ್ತೆ ತಿರುಗಿಬಿದ್ದು ಉಳಿದರ್ಧ ಗುಡ್ಡೆ ಕೈತಪ್ಪುತ್ತದೆ. ಬಿಡದಿದ್ದರೆ ಇಡೀ ಬೀದಿ ಸಾರು ಮಾಡಿ ಉಣ್ಣುತ್ತದೆ. ಒಂದು ಗಳಿಗೆ, ನಿಜ ಹೇಳಬೇಕೆಂದರೆ ಎರಡು ಗಳಿಗೆ, ಸುಮ್ಮನೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದು ಗಿಡವನ್ನು ಬೇರುಸಮೇತ ಕಿತ್ತಳು.

"ಬುಟ್ಟಿ ಬೋರಲು ಹಾಕ್ರಿ. ಇದು ತಿನ್ನೋ ಹಣ್ಣಲ್ಲ. ಗಣಿ ಮಣ್ಣಾಗೆ ವಿಷ ಐತೆ."

"ಮತ್ತೆ ಟಮಾಟೆ ಬೀಜ ಎಲ್ಲಿಂದ ಬಂತೇ?" ಎಂದಳು ಯರ್ರಮ್ಮ.

"ಚಳ್ಳಕೆರೆಯೋರು ಹಸಿಯಾಗಿ ತಿಂದ ಟಮಾಟೆಯಿಂದ, ಯರ್ರಮ್ಮತ್ತೆ. ಆ ಬೀಜ ಹೊಟ್ಟೇಲಿ ಅರಗಲ್ಲ."

ಬುಟ್ಟಿಗಳು ದಬದಬನೆ ಮಗುಚಿದವು. ಥೂ ಎಂದವರು, ಶಾಪ ಹಾಕಿದವರು, ಎಲ್ಲರೂ ಇಳಿದು ಹೋದರು. ಮಗ್ಗದ ಕಥೆ ಮುಗಿಯಿತೆಂದು ದಾಕ್ಷಾಯಿಣಿಗೆ ಅಳು ಬಂತು. ಅಳುತ್ತಲೇ ಗಿಡ ಕೀಳುತ್ತ ಹೋದಳು.

ಯರ್ರಮ್ಮ ಮಾತ್ರ ಇಳಿದಿರಲಿಲ್ಲ. ಗಿಡ ಕಿತ್ತ ಜಾಗವನ್ನು ಬೆರಳಿನಿಂದ ಕೆದಕುತ್ತಿದ್ದಳು. ಅಲ್ಲಿ ಹುಲ್ಲು ಸಣ್ಣಗೆ, ಒತ್ತಾಗಿ ಬೇರುಬಿಟ್ಟಿತ್ತು. ಮಣ್ಣು ಪುಡಿಯಾಗದೆ ಹೆಂಟೆಯಾಗಿ ಅವಳ ಕೈಗೆ ಬಂತು. ಊದಿ ನೋಡಿದಳು. ಹಾರಲಿಲ್ಲ.

"ಸುಮ್ಕಿದ್ದಿದ್ರೆ ನಿನ್ನ ಕೆಲ್ಸ ಆಗ್ತಿತ್ತಲ್ಲೇ. ಯಾಕೆ ಹೇಳ್ದೆ?"

"ನೀವು ಉಣ್ತಿದ್ರಲ್ಲ, ಅತ್ತೆ."

ಮುದುಕಿ ಬಗ್ಗಿ ಮುಂದಿನ ಗಿಡಕ್ಕೆ ಕೈಹಾಕಿದಳು.

"ಕುರಿ ಬರ್ದಂಗೆ ಬೇಲಿ ಹಾಕ್ಸು. ಟಿಪ್ಪರಿನೋನಿಗೆ ಫೋನ್ ಮಾಡು, ನಾಳೆನೇ ಬರ್ಲಿ. ಬೀದಿಯೋರನ್ನ ನಾನು ನೋಡ್ಕಂತೀನಿ."