ಕೊರಿಯನ್ ಹೆಂಗಸಿನ ಸೀನು

“ಐವತ್ತು ದಾಟಿದ ಏಷ್ಯನ್ ಹೆಂಗಸು ಇನ್ನೊಬ್ಬರು ಬೇಕಿತ್ತಲ್ಲ,” ಎಂದು ಕಾರ್ಸನ್ ತನ್ನ ಕೈಯಲ್ಲಿದ್ದ ಪಟ್ಟಿಗೆ ಹೇಳಿದ. ನಮಗಲ್ಲ, ಪಟ್ಟಿಗೆ. ಆಮೇಲೆ ತಲೆಯೆತ್ತಿ ನಮ್ಮ ಸಾಲನ್ನು ನೋಡಿ, ಸಂತೆ ಮುಗಿಯುವ ಹೊತ್ತಿಗೆ ಬೇಕಾದ ತರಕಾರಿ ಸಿಕ್ಕವನಂತೆ ನಕ್ಕ. “ಮೇಡಂ, ನೀವು. ಅರ್ಧ ಗಂಟೆ ಇರ್ತೀರಾ? ಪಕ್ಕದವರು ಮೆಕ್ಸಿಕನ್ ಅಲ್ವಾ? ಒಳ್ಳೇದೇ ಆಯ್ತು, ಇಬ್ರೂ ಬನ್ನಿ.”

ಶನಿವಾರ ಮಧ್ಯಾಹ್ನ, ಬರ್ಬ್ಯಾಂಕಿನ ಥಿಯೇಟರು. ಇನ್ನೂ ಹೆಸರಿಡದ ಸಿನಿಮಾವೊಂದು ಆಗಷ್ಟೇ ಮುಗಿದಿತ್ತು. ಒಂದೇ ಊರು, ಏಳು ಸಂಸಾರ, ಒಬ್ಬರ ಬಣ್ಣ ಕಂಡರೆ ಇನ್ನೊಬ್ಬರಿಗಾಗದು. ಕೊನೆಗೆ ಪಿಟೀಲು, ಎಲ್ಲರ ಕಣ್ಣಲ್ಲೂ ನೀರು. ಬಿಡುಗಡೆಗೆ ಮುಂಚೆ ಗುರುತಿಲ್ಲದ ಜನರಿಗೆ ತೋರಿಸಿ, ಅವರಲ್ಲಿ ಇಪ್ಪತ್ತು ಮಂದಿಯನ್ನು ಉಳಿಸಿಕೊಂಡು ಮಾತಾಡಿಸುವುದು ನಮ್ಮ ಲಾಸ್ ಏಂಜಲೀಸಿನವರ ಪದ್ಧತಿ. ಆ ಇಪ್ಪತ್ತು ಬಾಯಿಂದ ಬಂದದ್ದು ವೇದವಾಕ್ಯ. ಅದರಂತೆ ಸೀನು ಉಳಿಯುತ್ತದೆ, ಇಲ್ಲವೇ ಕತ್ತರಿಗೆ ಹೋಗುತ್ತದೆ.

ಆ ಮಂದಿಯನ್ನು ಆರಿಸಿ ಮಾತಾಡಿಸುವ ಕೆಲಸ ಕಾರ್ಸನ್‌ದು. ಅವನು ಆರಿಸಿಕೊಂಡ ಏಷ್ಯನ್ ಹೆಂಗಸು ಆನ್ ಬೋಕ್‌ಸೂನ್. ಅರ್ಧ ಗಂಟೆ ಹಿಂದೆ ಅದೇ ಪರದೆಯ ಮೇಲೆ, ನಲವತ್ತು ಅಡಿ ಎತ್ತರಕ್ಕೆ ಕಂಡವಳು. ಸಿನಿಮಾದಲ್ಲಿ ಕೊರಿಯನ್ ಅಂಗಡಿಯವಳು ಅವಳೇ. ಪಾತ್ರಕ್ಕೊಂದು ಹೆಸರು ಕೂಡ ಇಲ್ಲ, ಚಿತ್ರಕಥೆಯ ಹಾಳೆಯಲ್ಲಿ ‘ಕೊರಿಯನ್ ಹೆಂಗಸು’ ಅಂತಷ್ಟೇ.

ನಾನು ಎಲ್ವಿರಾ, ಅದೇ ಸಿನಿಮಾದ ಕೇಶಾಲಂಕಾರದವಳು. ಬೋಕ್‌ಸೂನ್ ಅಕ್ಕನ ತಲೆಗೆ ಗುಂಗುರು ವಿಗ್ ಇಟ್ಟವಳು ನಾನೇ. ಸಿನಿಮಾದವರು ಇಂಥ ಪ್ರದರ್ಶನಕ್ಕೆ ಬರುವಂತಿಲ್ಲ. ಬಾಗಿಲಲ್ಲಿ ಇಬ್ಬರೂ ಸುಳ್ಳು ಬರೆದು ಸಹಿ ಹಾಕಿ ಒಳಗೆ ಬಂದಿದ್ದೆವು.

ಬಂದದ್ದಕ್ಕೆ ಕಾರಣವಿತ್ತು. ಅಕ್ಕನ ಸೀನು ಎರಡು ಥರ ಚಿತ್ರೀಕರಣವಾಗಿತ್ತು, ಯಾವುದು ಉಳಿದಿದೆ ಎಂದು ನೋಡಬೇಕಿತ್ತು. ಅಂಗಡಿಗೆ ಬಂದ ಕರಿಯರ ಹುಡುಗನೊಬ್ಬ ಹಣ್ಣಿನ ರಸದ ಬಾಟಲಿಯನ್ನು ಜೇಬಿಗಿಳಿಸುತ್ತಾನೆ. ಬರೆದಿದ್ದಂತೆ ಮೊದಲ ದಿನ ಅವಳು ಹರಕುಮುರುಕು ಇಂಗ್ಲಿಷಿನಲ್ಲಿ ಕಿರುಚಿದಳು. ಆಮೇಲೆ ನಿರ್ದೇಶಕ ಟೋಬಿಯಾಸ್‌ನನ್ನು ಕಾಡಿ ಬೇಡಿ, ತನ್ನ ರೀತಿಯಲ್ಲಿ ಇನ್ನೊಂದು ಸಲ. ಅದರಲ್ಲಿ ಮೆತ್ತಗೆ, “ಅದನ್ನ ಅಲ್ಲೇ ಇಡಪ್ಪ. ನಿಮ್ಮಜ್ಜಿ ನಂಗೆ ಗೊತ್ತು. ನಮ್ಮೆಜಮಾನರು ತೀರಿಕೊಂಡಾಗ ಸಿಹಿಗೆಣಸಿನ ಪೈ ಮಾಡ್ಕೊಂಡು ಬಂದಿದ್ರು,” ಎನ್ನುತ್ತಾಳೆ. ಯಾವ ಬರಹಗಾರನೂ ಬರೆದ ಮಾತಲ್ಲ. ನಡುನಡುವೆ ಇಂಥ ಪಾತ್ರ ಮಾಡುತ್ತ ಇಂಗಲ್‌ವುಡ್‌ನಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದವಳು ಅವಳು. ಆ ಪೈ ನಿಜ, ಆ ಅಜ್ಜಿಯೂ ನಿಜ.

ಅಕ್ಕನ ಮಗ ಜುನ್ ತಾಯಿಯ ಒಂದು ಸಿನಿಮಾವನ್ನೂ ನೋಡಿದವನಲ್ಲ. ಅವಳು ಪರದೆಯ ಮೇಲೆ ಕಿರುಚಿದ ಪ್ರತಿ ವರ್ಷ ಶಾಲೆಯಲ್ಲಿ ಹುಡುಗರು ಅವನ ಮುಂದೆ ಹಾಗೇ ಕಿರುಚಿದ್ದರು. ಈ ಸಲ, “ಮೆತ್ತಗಿನದು ಇದ್ರೆ ಬಿಡುಗಡೆ ದಿನ ರಜಾ ಹಾಕಿ ಬರ್ತೀನಮ್ಮ,” ಎಂದಿದ್ದ. ಇವತ್ತು ಪರದೆಯ ಮೇಲೆ ಬಂದದ್ದು ಮೆತ್ತಗಿನದೇ. ಅಕ್ಕ ಕತ್ತಲಲ್ಲಿ ನನ್ನ ಕೈ ಹಿಸುಕಿದ ಗುರುತು ಇನ್ನೂ ಮಾಸಿರಲಿಲ್ಲ.

ಮುಂದಿನ ಎರಡು ಸಾಲುಗಳಲ್ಲಿ ನಮ್ಮನ್ನು ಕೂರಿಸಿದರು. ಟೋಬಿಯಾಸ್ ಹಿಂದೆ ಗೋಡೆಗೊರಗಿ ನಿಂತಿದ್ದ, ಕೈಕಟ್ಟಿ, ಊರಿಗೆಲ್ಲ ಔಷಧಿ ಕೊಟ್ಟ ವೈದ್ಯನ ಹಾಗೆ. ನಲವತ್ತು ದಿನ ಅವನ ಮೂಗಿನ ಮುಂದೆಯೇ ಬಾಚಣಿಗೆ ಹಿಡಿದು ಓಡಾಡಿದವಳು ನಾನು. ನನ್ನತ್ತ ನೋಡಿ, ಹೊಸಬರಿಗೆ ನಗುವ ಹಾಗೆ ನಕ್ಕ.

“ಯಾವ ಪಾತ್ರ ಸುಳ್ಳು ಅನ್ನಿಸ್ತು?” ಕಾರ್ಸನ್ ಕೇಳಿದ.

ಮೊದಲು ಬಾಯಿಬಿಟ್ಟವನು ಲೆವೆರೆಟ್, ನಿವೃತ್ತ ಬಸ್ ಡ್ರೈವರ್, ಕರಿಯ. “ಏಳು ಸಂಸಾರ ತೋರಿಸಿದ್ರಿ. ಕಾರು ಕದಿಯೋನು ಮಾತ್ರ ಮತ್ತೆ ನಮ್ಮೋನೇ. ಮೂವತ್ತೊಂದು ವರ್ಷ ಬಸ್ ಓಡಿಸಿದೀನಿ ಸ್ವಾಮಿ, ಒಂದು ಕಾರು ಕದ್ದಿಲ್ಲ.”

“ನೀವಾದ್ರೂ ಇದೀರಿ,” ಎಂದ ಗ್ಲೆಂಡೇಲಿನ ವಾಹೆ. “ನಾವು ಅರ್ಮೇನಿಯದೋರು ಇಡೀ ಊರಲ್ಲಿ ಇಲ್ಲವೇ ಇಲ್ಲ. ಕೆಟ್ಟೋರಾಗಿ ಆದ್ರೂ ಒಬ್ಬನ್ನ ಹಾಕಬಾರದಾ?”

ನಾನೂ ಸುಮ್ಮನಿರಲಿಲ್ಲ. ನಮ್ಮ ಮೆಕ್ಸಿಕೋದವನು ಈ ಸಲ ತೋಟದ ಮಾಲಿ, ಅದೂ ಎಂಥ ಸಂತ ಅಂದರೆ ತಲೆಯ ಹಿಂದೆ ಪ್ರಭಾವಳಿಯೊಂದು ಬಾಕಿ. ಹಾಗಂತ ಹೇಳಿದೆ. ಎಲ್ಲರೂ ತಲೆದೂಗಿ ಮರೆತರು. ಆ ಮೇಜವಾನಿಯಲ್ಲಿ ತನ್ನ ಎಲೆಗೆ ಏನು ಬಡಿಸಿದರೆಂದು ನೋಡಿಕೊಳ್ಳುವುದಷ್ಟೇ ಎಲ್ಲರ ಕೆಲಸ.

ಆಗ ಮೆರೆಡಿತ್ ಎಂಬಾಕೆ ಕೈಯೆತ್ತಿದಳು. ಶರ್ಮನ್ ಓಕ್ಸಿನವಳು, ಬಿಳಿಯಳು, ಅತ್ತು ಕಣ್ಣು ಕೆಂಪಾಗಿತ್ತು, ಆ ಕೆಂಪನ್ನು ಪದಕದಂತೆ ಧರಿಸಿದ್ದಳು. “ಆ ಕೊರಿಯನ್ ಹೆಂಗಸಿನ ಸೀನು. ಯಾರಿಗೂ ಬೇಜಾರು ಮಾಡೋ ಉದ್ದೇಶ ನಂಗಿಲ್ಲ. ಆದ್ರೆ ಅಂಥೋರು ಅಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರಾ?”

“ಅದೂ ಅಷ್ಟು ಮೆತ್ತಗೆ?” ಎಂದ ಲೆವೆರೆಟ್. “ಅವ್ರ ಅಂಗಡಿಗೆ ಹೋದ್ರೆ ಕದೀತೀನೇನೋ ಅಂತ ಹಾಲಿನ ಕಪಾಟಿನವರೆಗೂ ನನ್ ಹಿಂದೇನೇ ಬರ್ತಾರೆ.”

“ಪೈ ಅಂತೆ, ಪೈ,” ವಾಹೆ ನಕ್ಕ. “ಯಾರು ಯಾರಿಗೆ ತಂದುಕೊಡ್ತಾರೆ ಈ ಊರಲ್ಲಿ?”

“ಆ ಸೀನು ಸುಳ್ಳು ಅನ್ನಿಸಿದವರು ಕೈ ಎತ್ತಿ,” ಎಂದ ಕಾರ್ಸನ್. ಹದಿನಾರು ಕೈಗಳು ಎದ್ದವು. ಹಿಂದೆ ಟೋಬಿಯಾಸ್ ಏನೋ ಗೀಚಿಕೊಂಡ.

ನಾನು ಅಕ್ಕನ ಕಿವಿಯಲ್ಲಿ, “ಹೇಳಿಬಿಡಲಾ?” ಎಂದೆ. ಅವಳು ನನ್ನ ಮಣಿಕಟ್ಟನ್ನು ಚಿವುಟಿದಳು. ಹೇಳಿದರೆ ಸುಳ್ಳು ಸಹಿ ಹೊರಬೀಳುತ್ತದೆ, ನಮ್ಮಿಬ್ಬರ ಮಾತೂ ಲೆಕ್ಕಕ್ಕಿರುವುದಿಲ್ಲ. ಅಲ್ಲದೆ ಹೇಳುವ ಅಗತ್ಯವಾದರೂ ಏಕೆ? ಅಕ್ಕನ ಗುರುತು ಯಾರಿಗೂ ಸಿಗದಿದ್ದದ್ದು ನನ್ನ ವಿಗ್ಗಿನ ಹೆಚ್ಚುಗಾರಿಕೆ ಎಂದು ಮೊದಲು ಒಳಗೇ ಬೀಗಿದ್ದೆ. ಮೂರಡಿ ದೂರದಿಂದ ಮೆರೆಡಿತ್ ಅದೇ ಮುಖ ನೋಡುತ್ತಿದ್ದರೂ ಗುರುತಿಸದೆ ಕೂತಾಗ ಗೊತ್ತಾಯಿತು, ಇದು ವಿಗ್ಗಿನ ಕೆಲಸವಲ್ಲ. ಹಾಗಂತ ನಾನೂ ಸಾಚಾ ಅಲ್ಲ. ಮೊದಲ ವಾರವೆಲ್ಲ ಅಕ್ಕನ ಜೊತೆ ಕೈಸನ್ನೆಯಲ್ಲೇ ಮಾತಾಡಿದ್ದೆ. ಎಂಟನೇ ದಿನ ಅವಳು, “ನಿಂಗೆ ಗಂಟಲು ಸರಿಯಿಲ್ವೇನೇ?” ಎಂದು ಕೇಳಿದ್ದಳು.

“ಮೇಡಂ, ಕೊರಿಯನ್ನರಾಗಿ ನಿಮಗೇನನ್ನಿಸುತ್ತೆ?” ಎಂದ ಕಾರ್ಸನ್.

“ಅಂಗಡಿ ಇಟ್ಟೋರು ದಿನಕ್ಕೆ ಇನ್ನೂರು ಜನರ ಹತ್ರ ಮಾತಾಡ್ತಾರೆ,” ಎಂದಳು ಅಕ್ಕ. “ಇಪ್ಪತ್ತು ವರ್ಷದಲ್ಲಿ ಭಾಷೆ ಬಂದೇ ಬರುತ್ತೆ. ಆ ಹೆಂಗಸು ಹಾಗೇ ಮಾತಾಡೋದು.”

“ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ,” ಎಂದಳು ಮೆರೆಡಿತ್. “ಆದ್ರೆ ನೀವು ಬೇರೆ. ನಾನು ಹೇಳಿದ್ದು ಅಂಥವರ ವಿಷಯ.”

“ಅಂಥೋರು ಹೇಗೆ ಮಾತಾಡ್ತಾರೆ, ಹೇಳಿ?”

“ನಿಮಗೇ ಗೊತ್ತಿರುತ್ತಲ್ವಾ.”

ಅಕ್ಕ ಎದ್ದು ನಿಂತಳು. ಸೊಂಟಕ್ಕೆ ಕೈ ಹೋಯಿತು. ಕುತ್ತಿಗೆ ಮುಂದೆ ಬಂತು. “ಏಯ್! ನೀ ಕದ್ದೆ! ನಾ ನೋಡಿ! ನೀ ತಗೊಳಲ್ಲ, ನೀ ಹೋಗು! ನಾ ಪೊಲೀಸ್ ಕರೆ! ಹೋಗು, ಹೋಗು!” ಎಂದು ಮೆರೆಡಿತ್‌ಳ ಮೂಗಿಗೆ ಬೆರಳು ತಂದು ಕಿರುಚಿದಳು. ಮೊದಲ ದಿನದ್ದೇ, ಅಕ್ಷರ ಬಿಡದೆ. ನಾಚಿಕೆಯಿಂದ ಅವರ ತಲೆ ತಗ್ಗಲಿ ಎಂದು ಮಾಡಿದಳು. ನಾನೂ ಅದನ್ನೇ ಕಾದೆ.

ಅವರು ಚಪ್ಪಾಳೆ ತಟ್ಟಿದರು. ಲೆವೆರೆಟ್ ತೊಡೆ ಬಡಿದುಕೊಂಡು, “ಇದು, ಇದು, ನನ್ ಹಿಂದೆ ಬರೋ ಹೆಂಗಸು ಇವ್ಳೇ,” ಎಂದ. ಮೆರೆಡಿತ್‌ಳ ಕಣ್ಣಲ್ಲಿ ಮತ್ತೆ ನೀರು, “ಎಷ್ಟು ನಿಜ,” ಎಂದಳು. ಹಿಂದಿನಿಂದ ಟೋಬಿಯಾಸ್ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದ. “ಇದೇ ಬೇಕಿತ್ತು ನಂಗೆ,” ಎಂದು ಜೊತೆಗೆ ಬಂದಿದ್ದ ಸಂಕಲನಕಾರನತ್ತ ತಿರುಗಿ, “ಮೊದಲನೇ ದಿನದ ಟೇಕು ಇದೆಯಲ್ಲ? ಅದನ್ನೇ ಹಾಕು. ಮೆತ್ತಗಿನದು ತೆಗಿ,” ಎಂದ. ಆಮೇಲೆ ಅಕ್ಕನ ಕೈ ಹಿಡಿದು ತನ್ನ ಕಾರ್ಡು ಇಟ್ಟ. “ಮೇಡಂ, ನೀವು ಯಾಕೆ ನಟನೆ ಟ್ರೈ ಮಾಡಬಾರದು?”

ಅಕ್ಕ ಅವನ ಮುಖವನ್ನು ಸಾಕಷ್ಟು ಹೊತ್ತು ನೋಡಿದಳು. ಅವನೂ ಅವಳ ಮುಖವನ್ನೇ ನೋಡುತ್ತಿದ್ದ. “ಯೋಚನೆ ಮಾಡ್ತೀನಿ,” ಎಂದಳು.

ಅಲ್ಲಿಂದ ಕಾರಿನಲ್ಲಿ ಕೊರಿಯಾಟೌನಿಗೆ, ತೋಫು ಸಾರಿನ ಅಂಗಡಿಗೆ ಬಂದೆವು. ದಾರಿಯುದ್ದಕ್ಕೂ ನಾನೇ ಕೂಗಾಡಿದ್ದು. “ಅಲ್ಲೇ ಹೇಳ್ಬೇಕಿತ್ತಕ್ಕ, ಅವ್ಳು ನಾನೇ ಅಂತ.”

“ಅವರ ಎದುರಿಗೇ ಕೂತಿದ್ದೆನಲ್ಲೇ,” ಎಂದಳು. “ಇನ್ನು ಹೇಗೆ ಹೇಳೋದು?”

ಮೇಜು ಕುಂಟುತ್ತಿತ್ತು. ಕಿಮ್ಚಿಯ ಬಟ್ಟಲು ಇಟ್ಟಾಗಲೆಲ್ಲ ಒಂದು ಪಕ್ಕಕ್ಕೆ ಜಾರುತ್ತಿತ್ತು. ಆಗಲೇ ಜುನ್‌ನ ಫೋನು ಬಂತು. ಅಕ್ಕ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೇ ಮಾತಾಡಿದಳು.

“ಸೀನ್ ಇದೆಯೇನಮ್ಮ?”

“ಇದೆ.”

“ಯಾವುದು? ನೀನು ಹೇಳ್ತಿದ್ದ ಪೈಯದೇನಾ?”

ಅಕ್ಕ ಸೌಟಿನಿಂದ ಸಾರನ್ನು ಕದಡಿದಳು. “ರಜಾ ಹಾಕ್ಬೇಡ ಕಂದ. ನಾಳೆ ಊಟಕ್ಕೆ ಬಾ.”

“ಸರಿಯಮ್ಮ,” ಎಂದ ಜುನ್. ಅಷ್ಟೇ. ಅವನೂ ಅವಳ ಮಗನೇ.

ಫೋನು ಆರಿತು. ಅಕ್ಕ ಚೀಲದಿಂದ ಟೋಬಿಯಾಸನ ಕಾರ್ಡು ತೆಗೆದು, ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ, ಬಗ್ಗಿ ಮೇಜಿನ ಕಾಲಿನಡಿಗೆ ತುರುಕಿದಳು. ಮೇಲೆ ಕೈಯಿಟ್ಟು ಒತ್ತಿ ನೋಡಿದಳು. ಮೇಜು ಅಲುಗಲಿಲ್ಲ.