ಅತ್ತೆ ಹಾಕಿದ ದಾರಿ

"ಇಲ್ಲಿ ನಮ್ಮ ಕಥೆ ಮುಗೀತು," ಎಂದು ಅತ್ತೆ ಭೂಪಟದ ಮೇಲೆ ಬೆರಳಿನಿಂದ ಕುಟ್ಟಿದರು. "ಇಷ್ಟುದ್ದ ಬಯಲು. ಒಂದು ಮರ ಇಲ್ಲ, ಅಂಗಡಿ ಇಲ್ಲ. ನಿಮ್ಮ ಕಾರು ನಡುದಾರೀಲಿ ಉಸಿರು ಬಿಟ್ರೆ ತಳ್ಳೋರು ಯಾರು?"

ಅಳಿಯ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ಬಿಡಲ್ಲ ಅತ್ತೆ. ಬಯಲಿಗೆ ಇಳಿಯೋ ಮುಂಚೆ ಈ ಊರಲ್ಲಿ ಬ್ಯಾಟರಿ ಪೂರ್ತಿ ತುಂಬಿಸ್ಕೊಂಡ್ರೆ ಆಚೆ ಮುಟ್ಟಬಹುದು. ಅಲ್ಲಿರೋದು ನಿಧಾನದ ಚಾರ್ಜರ್ ಅಷ್ಟೆ. ಅರ್ಧ ದಿನ ಬೇಕು."

"ಅರ್ಧ ದಿನ ಏನು ಮಾಡೋದು?"

"ಕೂತ್ಕೊಳ್ಳೋದು."

"ಜೀವಮಾನವೆಲ್ಲ ಮಕ್ಕಳನ್ನ ಓಡಿಸಿದವಳಿಗೆ ಕೂತ್ಕೊಳ್ಳೋಕೆ ಹೇಳ್ತೀರಲ್ಲ!"

ಅತ್ತೆ ಶಾಲೆಯಲ್ಲಿ ಆಟದ ಟೀಚರಾಗಿದ್ದವರು. ಕೊರಳಿನ ಸೀಟಿಯನ್ನು ನಿವೃತ್ತಿಯ ದಿನ ತೆಗೆದಿಟ್ಟರೂ ಗಂಟಲಿನ ಸೀಟಿ ಮಾತ್ರ ಹಾಗೇ ಉಳಿದಿತ್ತು. ಅವರು ಅಡುಗೆಮನೆಯಿಂದ ಕರೆದರೆ ಪಕ್ಕದ ಮನೆಯವರೂ ಒಮ್ಮೆ ಎದ್ದು ನಿಲ್ಲುತ್ತಿದ್ದರು. ಅಳಿಯ ಇದಕ್ಕೆ ತದ್ವಿರುದ್ಧ. ಪೇಟೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಕತ್ತಲ ಕೋಣೆಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜಿನ ಮೇಲೆ ಗಾಜು ಹಿಡಿದು "ಈಗ? ಈಗ ಸ್ಪಷ್ಟವಾಯ್ತಾ?" ಎಂದು ಕೇಳುವುದರಲ್ಲೇ ಅವನ ದಿನದ ಮಾತೆಲ್ಲ ಖರ್ಚಾಗಿ, ಮನೆಗೆ ತರಲು ಏನೂ ಉಳಿಯುತ್ತಿರಲಿಲ್ಲ.

ಇಂಥ ಇಬ್ಬರನ್ನು ಒಂದು ಮೇಜಿಗೆ ತಂದು ಕೂರಿಸಿದ್ದವಳು ಈಗಿಲ್ಲ. ಅತ್ತೆಗೆ ಅವಳು ಒಬ್ಬಳೇ ಮಗಳು. ಅವಳು ಕಾಯಿಲೆ ಬಿದ್ದಾಗ ನೋಡಿಕೊಳ್ಳಲೆಂದು ಅತ್ತೆ ಒಂದೇ ಒಂದು ಪೆಟ್ಟಿಗೆ ಹಿಡಿದು ಬಂದಿದ್ದರು, ಕೆಲವು ವಾರಗಳ ಮಟ್ಟಿಗೆ. ವಾರಗಳು ವರ್ಷಗಳಾದವು. ಅವಳು ತೀರಿಕೊಂಡ ಮೇಲೂ ಅತ್ತೆ ಉಳಿದರು. ಇರಿ ಎಂದು ಅವನೂ ಹೇಳಲಿಲ್ಲ, ಹೊರಡುತ್ತೇನೆ ಎಂದು ಅವರೂ ಹೇಳಲಿಲ್ಲ. ಬೆಳಿಗ್ಗೆ ಮೊದಲು ಎದ್ದವರು ಇಬ್ಬರಿಗೂ ಕಾಫಿ ಮಾಡುವುದು, ಮೊದಲು ಮನೆಗೆ ಬಂದವರು ದೀಪ ಹಾಕುವುದು. ಅದರಲ್ಲೇ ಎಲ್ಲ ಇತ್ಯರ್ಥವಾದಂತಿತ್ತು.

ಪ್ರವಾಸದ ಮಾತೆತ್ತಿದ್ದೂ ಅತ್ತೆಯೇ. "ಆಸ್ಪತ್ರೆ ದಾರಿ ಬಿಟ್ರೆ ಬೇರೆ ದಾರಿ ನೋಡಿ ಎಷ್ಟು ಕಾಲ ಆಯ್ತು? ದೇಶದ ಆ ತುದಿವರೆಗೂ ಹೋಗೋಣ. ಸಿಕ್ಕ ರಾಷ್ಟ್ರೀಯ ಉದ್ಯಾನದಲ್ಲೆಲ್ಲ ಡೇರೆ ಹಾಕಿ ಮಲಗೋಣ. ಎಲೆಕ್ಟ್ರಿಕ್ ಕಾರು ತಗೊಂಡು ಅಂಗಡಿಗೂ ಮನೆಗೂ ಓಡಿಸ್ತಿದ್ದೀರಿ, ಅದಕ್ಕೂ ಬೇಜಾರಾಗಿರುತ್ತೆ," ಎಂದಿದ್ದರು. ಅವನು ಹಿಂದುಮುಂದು ನೋಡದೆ ಹೂಂ ಎಂದಿದ್ದ. ಅಂದಿನಿಂದ ಊಟದ ಮೇಜು ಊಟಕ್ಕೆ ಸಿಕ್ಕಿರಲಿಲ್ಲ. ಅದರ ತುಂಬ ಭೂಪಟ. ಎಲ್ಲಿ ಚಾರ್ಜ್ ಮಾಡುವುದು ಎಂಬುದು ಅವನ ಪಾಲಿನ ಕೆಲಸ, ಎಲ್ಲಿ ಮಲಗುವುದು ಎಂಬುದು ಅತ್ತೆಯದು. ಅವರು ಗುಂಡುಸೂಜಿ ಚುಚ್ಚಿ, ಹೊಲಿಗೆ ಡಬ್ಬಿಯ ಕೆಂಪು ದಾರ ಸುತ್ತುತ್ತ ಕಾಡಿನಿಂದ ಕಣಿವೆಗೆ, ಕಣಿವೆಯಿಂದ ಬಯಲಿಗೆ ದಾರಿ ಎಳೆಯುತ್ತಿದ್ದರು.

ಆ ಸಂಜೆ ಬಯಲಿನ ಸಮಸ್ಯೆ ಬಗೆಹರಿದ ಮೇಲೆ ಅವನು ಎದ್ದು ಬಂದು ಪೂರ್ತಿ ದಾರಿಯನ್ನು ಮೊದಲ ಸಲ ನೋಡಿದ. ದಾರ ಅವರ ಊರಿನಿಂದ ಹೊರಟು ಬೆಟ್ಟ ಹತ್ತಿ, ಸರೋವರ ಬಳಸಿ, ಬಯಲು ದಾಟಿ, ಆ ತುದಿಯ ಕಡಲಿನ ಊರು ಮುಟ್ಟಿತ್ತು. ಅಲ್ಲಿ ಅತ್ತೆಯ ತಂಗಿಯ ಮನೆ. ಅಲ್ಲಿಗೆ ಗಂಟು ಹಾಕಿ, ಮಿಕ್ಕ ದಾರವನ್ನು ಕತ್ತರಿಸಿಬಿಟ್ಟಿದ್ದರು.

"ವಾಪಸ್ಸು ಯಾವ ಕಡೆಯಿಂದ?" ಎಂದು ಕೇಳಿದ.

ಅತ್ತೆ ಸೂಜಿಗಳನ್ನು ಡಬ್ಬಿಗೆ ತುಂಬತೊಡಗಿದರು. "ನಿಮಗೆ ಹತ್ತಿರದ ಹೆದ್ದಾರಿ ಇದೆಯಲ್ಲ. ಅದರಲ್ಲಿ ಹೆಜ್ಜೆಗೊಂದು ಚಾರ್ಜರ್. ಒಬ್ಬರೇ ಆದ್ರೆ ಬೇಗ ಬಂದುಬಿಡ್ತೀರಿ."

ಆಗ ಅವನಿಗೆ ಹೊಳೆಯಿತು. ಅತ್ತೆ 'ಹೋಗೋಣ' ಎಂದಿದ್ದರೇ ಹೊರತು 'ಹೋಗಿಬರೋಣ' ಎಂದಿರಲೇ ಇಲ್ಲ. ಇನ್ನೂ ಒಂದು ನೆನಪಾಯಿತು. ಮದುವೆಯಾದ ಹೊಸತರಲ್ಲಿ ಅಳಿಯನೆಂಬ ಮರ್ಯಾದೆಗೆ ಅವನನ್ನು 'ನೀವು' ಎನ್ನುತ್ತಿದ್ದ ಅತ್ತೆ, ಆಸ್ಪತ್ರೆಯ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತು ಕಾದ ದಿನಗಳಲ್ಲಿ ಯಾವಾಗಲೋ 'ನೀನು' ಎನ್ನತೊಡಗಿದ್ದರು. ಈಗ ಕೆಲವು ವಾರಗಳಿಂದ ಮತ್ತೆ 'ನೀವು'. ಅವನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಇದೆಲ್ಲ ಹೊಳೆಯುವ ಮೊದಲೇ ಇನ್ನೊಂದು ಆಗಿತ್ತು. 'ಒಬ್ಬರೇ' ಎಂಬ ಮಾತು ಕಿವಿಗೆ ಬಿದ್ದ ಕ್ಷಣ ಅವನ ಎದೆಯೊಳಗೆ ಏನೋ ಹಗುರಾಗಿತ್ತು. ಬಿಗಿಯಾದ ಬೂಟು ಕಳಚಿದಷ್ಟು ಸುಖ. ಮರುಕ್ಷಣವೇ ತನ್ನ ಬಗ್ಗೆ ತನಗೇ ಹೇಸಿಗೆಯಾಗಿ, ಆ ಹೇಸಿಗೆಯೇ ಸಿಟ್ಟಾಗಿ ಬಾಯಿಂದ ಹೊರಬಿತ್ತು.

"ನನ್ನ ಜೀವನದ ಪ್ಲಾನೂ ನೀವೇ ಹಾಕಿಬಿಟ್ರಾ? ನಾನು ನಿಮ್ಮನ್ನ ಹೋಗಿ ಅಂದ್ನಾ?"

"ಅನ್ನೋ ಜಾತಿ ಅಲ್ಲ ನೀನು. ಅದಕ್ಕೇ ನಾನೇ ಹೊರಟೆ." ಅತ್ತೆಯ ದನಿ ಏರಲಿಲ್ಲ. "ಅವತ್ತು ಅಂಗಡಿ ಬಾಗಿಲಲ್ಲಿ ನೀನು ಅವರ ಜೊತೆ ನಗ್ತಿದ್ದೆ. ಆ ಸಂಗೀತ ಹೇಳಿಕೊಡೋ ಮೇಡಮ್ಮು. ರಸ್ತೆ ಆಚೆ ನಿಂತು ನೋಡಿದೆ. ನೀನು ಹಾಗೆ ನಕ್ಕಿದ್ದನ್ನ ನೋಡಿ ಎಷ್ಟು ಕಾಲ ಆಗಿತ್ತೋ. ನನ್ನ ಕಂಡ ತಕ್ಷಣ ಮುಖ ಮುಚ್ಚಿಕೊಂಡೆ, ಅಂಗಡಿ ಶಟರ್ ಎಳೆದ ಹಾಗೆ."

"ಕನ್ನಡಕ ಸರಿಮಾಡಿಸ್ಕೊಳ್ಳೋಕೆ ಬಂದಿದ್ರು ಅಷ್ಟೆ."

"ಅದೆಂಥ ಕನ್ನಡಕನಪ್ಪ, ವಾರಕ್ಕೊಂದು ಸಲ ಸಡಿಲ ಆಗುತ್ತೆ?"

ಅವನಿಗೆ ನಗು ಬಂತು, ನಗಲಾಗಲಿಲ್ಲ. ಅತ್ತೆ ಡಬ್ಬಿಯ ಮುಚ್ಚಳ ಒತ್ತಿದರು. "ನಾನು ಈ ಮನೇಲಿ ಇರೋವರೆಗೂ ನೀನು ನನ್ನ ಮಗಳ ಗಂಡನಾಗೇ ಓಡಾಡ್ತೀಯ. ಫೋನ್ ಬಂದ್ರೆ ದನಿ ತಗ್ಗಿಸ್ತೀಯ. ನನಗೇನು ಕಿವುಡಾ?" ಎಂದು ತಮ್ಮ ಕೋಣೆಗೆ ಹೋದರು. ಅವನು ಗೋಡೆಗೊರಗಿ ಅಲ್ಲೇ ನಿಂತಿದ್ದ. ಅತ್ತೆ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ವಾರವಿಡೀ ಮನೆಯಲ್ಲಿ ಉಪ್ಪು ಕೊಡಿ, ಬಾಗಿಲು ಹಾಕಿ ಎಂಬಷ್ಟೇ ಮಾತು. ಆದರೂ ಭಾನುವಾರ ಡೇರೆ ಹಾಕಿ ನೋಡಲೆಂದು ಊರಾಚೆಯ ಕೆರೆಗೆ ಹೋಗುವುದು ಮೊದಲೇ ನಿಗದಿಯಾಗಿತ್ತು. ಬೇಡವೆಂದು ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲವಾದ್ದರಿಂದ ಹೋದರು. ಡೇರೆ ಇಬ್ಬರ ಮೇಲೂ ಒಂದೊಂದು ಸಲ ಕುಸಿಯಿತು. ಅತ್ತೆ ಸೀಟಿ ದನಿಯಲ್ಲಿ "ಎಡಕ್ಕೆ! ಎಡ ಅಂದ್ರೆ ಎಡ!" ಎಂದು ಕೂಗಿ ಕೆರೆದಂಡೆಯ ಕೊಕ್ಕರೆಗಳನ್ನೆಲ್ಲ ಎಬ್ಬಿಸಿದರು. ಕಡೆಗೂ ಅದು ನಿಂತಿತು, ಒಂದು ಪಕ್ಕಕ್ಕೆ ವಾಲಿಕೊಂಡು. ಕಾರಿನ ಬ್ಯಾಟರಿಗೇ ಕೆಟಲ್ ಸಿಕ್ಕಿಸಿ ಅವನು ಚಹಾ ಮಾಡಿದ.

ಲೋಟ ಕೊಡುತ್ತ, ಅತ್ತೆಯ ಮುಖ ನೋಡದೆ ಹೇಳಿದ: "ಹೌದು. ಒಬ್ಬರಿದ್ದಾರೆ. ಮುಂದೇನೋ ನನಗೇ ಗೊತ್ತಿಲ್ಲ."

ಅತ್ತೆ ಚಹಾ ಊದಿದರು. "ಒಳ್ಳೆಯವಳಾ?"

"ಒಳ್ಳೆಯವರು."

"ಸರಿ ಹಾಗಾದ್ರೆ." ಆಮೇಲೆ ಬಂದ ದನಿಯಲ್ಲಿ ಸೀಟಿ ಇರಲಿಲ್ಲ. "ನನ್ನ ಹೊಟ್ಟೆಕಿಚ್ಚು ಅಂದ್ಕೋಬೇಡ. ಒಂದೇ ಭಯ ನನಗೆ. ನಾನೂ ಹೊರಟ್ರೆ ಆ ಮನೇಲಿ ನನ್ನ ಮಗಳ ಹೆಸರು ಯಾರೂ ಎತ್ತಲ್ಲ. ಆದ್ರೂ ಎದುರಿಗೇ ಇದ್ದು, ಅವಳ ಹೆಸರು ನಿಂತುಹೋಗೋದನ್ನ ನೋಡೋಕಿಂತ ದೂರ ಇರೋದು ವಾಸಿ ಅನ್ನಿಸ್ತು."

ಅವನು ತಂದಿದ್ದ ಬ್ರೆಡ್ಡನ್ನು ಸುಮ್ಮನೆ ಚೂರು ಮಾಡುತ್ತ ಕೂತ. "ನನಗೆ ಗೊತ್ತಿರೋದು ಅರ್ಧ ಅವಳು ಅತ್ತೆ. ಇಪ್ಪತ್ತೈದು ವರ್ಷದವಳಾಗಿ ಸಿಕ್ಕಿದ್ದು ನನಗೆ. ಅದಕ್ಕಿಂತ ಮುಂಚಿನದು ಏನೇ ಬೇಕಾದ್ರೂ ನಿಮ್ಮನ್ನೇ ಕೇಳಬೇಕು. ಮರ ಹತ್ತಿ ಇಳಿಯೋಕಾಗದೆ ಅತ್ತಿದ್ದು, ಅದೇನೋ ಹೇಳ್ತಿದ್ದಳು. ನಗು ಬಂದು ಯಾವತ್ತೂ ಪೂರ್ತಿ ಹೇಳಲೇ ಇಲ್ಲ."

"ಅತ್ತಿದ್ದಾ? ಅವಳಾ? ಬೇಕೂಂತಲೇ ಇಳೀಲಿಲ್ಲ. ನಾನು ಕೆಳಗೆ ನಿಂತು ಸೀಟಿ ಊದಿ ಊದಿ ಸಾಕಾಗಿ..." ಅತ್ತೆ ಹೇಳತೊಡಗಿದವರು ಅಲ್ಲೇ ನಿಲ್ಲಿಸಿ ಸೆರಗಿನಿಂದ ಮೂಗೊರೆಸಿಕೊಂಡರು. "ಚಹಾಕ್ಕೆ ಸಕ್ಕರೇನೇ ಹಾಕಿಲ್ಲ ನೀನು."

"ಚಿಕ್ಕತ್ತೆ ಮನೇಲಿ ನಿಮಗೆ ಎಷ್ಟು ದಿನ ಬೇಕೋ ಅಷ್ಟು ದಿನ ಇರಿ," ಎಂದು ಅವನು ಹೇಳಿದ. "ಅಲ್ಲೇ ಹಿಡಿಸಿದ್ರೆ ಅಲ್ಲೇ ಉಳೀರಿ, ನಾನು ತಡೆಯಲ್ಲ. ಆದ್ರೆ ನನ್ನ ಸಲುವಾಗಿ ಅಂತ ಬೇಡ. ವಾಪಸ್ಸು ಬರೋವಾಗ ಉತ್ತರದ ದಾರಿ ಹಿಡಿದ್ರೆ ಹಿಮದ ಬೆಟ್ಟದ ಉದ್ಯಾನ ಒಂದಿದೆ, ಕರಡಿಗಳಿರೋದು. ಆ ದಾರೀಲಿ ಚಾರ್ಜರ್ ಎಲ್ಲೆಲ್ಲಿದೆ ಅಂತ ನಿನ್ನೆ ನೋಡಿದೆ. ಒಬ್ಬನೇ ಓಡಿಸೋ ದಾರಿ ಅಲ್ಲ ಅದು."

"ಮಕ್ಕಳನ್ನ ಪಂದ್ಯಕ್ಕೆ ಕರ್ಕೊಂಡು ಹೋಗ್ತಿದ್ದ ಸ್ಕೂಲ್ ವ್ಯಾನ್ ಓಡಿಸೋದು ಬಿಟ್ಟ ಮೇಲೆ ನಾನು ಸ್ಟೀರಿಂಗ್ ಮುಟ್ಟಿಲ್ಲ."

"ಲೈಸೆನ್ಸು?"

"ಇದೆ. ಅದರಲ್ಲಿರೋ ಫೋಟೋ ನೋಡಿದ್ರೆ ಪೊಲೀಸರು ನನ್ನ ಮಗಳು ಅಂದ್ಕೋತಾರೆ."

ಕರಡಿಯ ಬಗ್ಗೆ ಅತ್ತೆ ಹಾಂ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಡೇರೆ ಬಿಚ್ಚಿ ಮಡಿಸಿದರು. ಅದು ಬಂದ ಚೀಲಕ್ಕೇ ವಾಪಸ್ ಹಿಡಿಸಲು ಮೊಣಕಾಲೂರಿ ಹೆಣಗಿದರು. ಆಮೇಲೆ ಕಾರಿನ ಹತ್ತಿರ ಬಂದು, ಅವನು ಬಾಗಿಲಿಗೆ ಕೈ ಹಾಕುವ ಮೊದಲೇ ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟರು. ಕಾರು ನಿಲ್ಲಿಸುವ ಜಾಗ ಖಾಲಿಯಿತ್ತು. ಅವನು ಪಕ್ಕದ ಸೀಟಿಗೆ ಬಂದ. ಅತ್ತೆ ಸೀಟು ಮುಂದಕ್ಕೆಳೆದು, ಕನ್ನಡಿ ತಿರುಗಿಸಿ, ಅವನು ತೋರಿಸಿದ ಗುಂಡಿ ಒತ್ತಿ ಕಾದರು.

"ಸ್ಟಾರ್ಟೇ ಆಗಲಿಲ್ಲವಲ್ಲೋ?"

"ಆಗಿದೆ ಅತ್ತೆ."

"ಸದ್ದೇ ಇಲ್ಲ!"

"ಇದು ಸದ್ದು ಮಾಡಲ್ಲ. ನಿಧಾನಕ್ಕೆ ಕಾಲೊತ್ತಿ."

ಅತ್ತೆ ನಂಬದವರಂತೆ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕಾಲೊತ್ತಿದರು. ಚಕ್ರದಡಿಯ ಜಲ್ಲಿ ಮೆಲ್ಲಗೆ ಕರಕರ ಎಂದಿತು. ನೀರಿನ ಅಂಚಿಗೆ ಮರಳಿ ಬಂದಿದ್ದ ಕೊಕ್ಕರೆಗಳು ಕತ್ತೆತ್ತಿ ನೋಡಿ, ಅಲ್ಲೇ ನಿಂತವು.